ಕರಗಿದ ಕಾಸು

ಶಿಡ್ಲಘಟ್ಟದ ನಮ್ಮಜ್ಜಿಯ ಕಾಸಿನ ಸರದಲ್ಲಿ ಒಂದು ಕಾಸು ಮಾತ್ರ ಬೇರೆ ಥರ ಇತ್ತು. ಉಳಿದವೆಲ್ಲ ಲಕ್ಷ್ಮಿಯ ಅಚ್ಚಿನ ತೆಳು ಬಿಲ್ಲೆಗಳು, ನಡುವಿನದು ದಪ್ಪ. ಒಂದು ಮುಖದಲ್ಲಿ ಗಡ್ಡದ ದೊರೆ, ಇನ್ನೊಂದರಲ್ಲಿ ಕುದುರೆ ಏರಿ ರೆಕ್ಕೆಯ ಹಾವನ್ನು ಕೊಲ್ಲುವ ವೀರ. ಅಕ್ಕನ ಮದುವೆಗೆಂದು ಚಿಂತಾಮಣಿಯಲ್ಲಿ ಸರವನ್ನು ಕರಗಿಸಿದರು. ಕಾಸಿನ ಮೇಲಿದ್ದ ಇಸವಿಯನ್ನು ಯಾರೂ ನೋಡಲಿಲ್ಲ. ಪಕ್ಕದಲ್ಲೇ ಕೂತಿದ್ದ ನಾನೂ ನೋಡಲಿಲ್ಲ.

ಅದು ಇಂಗ್ಲೆಂಡಿನ ಸಾವರಿನ್ ಎಂದು ತಿಳಿದದ್ದು ಆಮೇಲೆ. ನಮ್ಮ ಕರಾವಳಿಯವರು ಎಂಟು ಗ್ರಾಂ ಚಿನ್ನಕ್ಕೆ 'ಪವನು' ಎನ್ನುವುದು ಈ ನಾಣ್ಯದ 7.98 ಗ್ರಾಂ ತೂಕವನ್ನು ಹಿಡಿದೇ. ಆ ಹೆಸರಿನ ಮೊದಲ ನಾಣ್ಯ ಇನ್ನೂ ದೊಡ್ಡದು. 1485ರಲ್ಲಿ ಯುದ್ಧ ಗೆದ್ದು ಪಟ್ಟಕ್ಕೆ ಬಂದ ಟ್ಯೂಡರ್ ವಂಶದ ಏಳನೆಯ ಹೆನ್ರಿ, 1489ರಲ್ಲಿ ಸುಮಾರು 15.5 ಗ್ರಾಂ ಚಿನ್ನದಲ್ಲಿ ಅದನ್ನು ಹೊಡೆಸಿದ. ಮುಂದೆ ಸಿಂಹಾಸನದಲ್ಲಿ ಕೂತ ತಾನು, ಹಿಂದೆ ತನ್ನ ವಂಶದ ಗುಲಾಬಿ. ಈ ರಾಜ್ಯ ನನ್ನದು ಎಂದು ಸಾರುವ ಡಂಗುರ ಅದು. ಮಗ ಎಂಟನೆಯ ಹೆನ್ರಿ 1526ರಲ್ಲಿ 22 ಕ್ಯಾರೆಟ್ಟಿನ ನಾಣ್ಯ ತಂದ. 1544ರಿಂದ ಯುದ್ಧದ ಖರ್ಚಿಗಾಗಿ ಚಿನ್ನಕ್ಕೂ ಬೆಳ್ಳಿಗೂ ಕಲಬೆರಕೆ ಹೆಚ್ಚಿಸಿದ.

ಎಂಟನೆಯ ಹೆನ್ರಿ ಪಟ್ಟಕ್ಕೆ ಬಂದ 1509ರಲ್ಲೇ ವಿಜಯನಗರದಲ್ಲಿ ಕೃಷ್ಣದೇವರಾಯನೂ ಪಟ್ಟಕ್ಕೆ ಬಂದ. ಅವನ ವರಹ ಸುಮಾರು 3.4 ಗ್ರಾಂ. ಮುಂದೆ ಬಾಲಕೃಷ್ಣ; ದೊರೆಯ ಹೆಸರು ಹಿಂದೆ, ನಾಗರಿ ಲಿಪಿಯಲ್ಲಿ. ಹಿಂದಿನ ದೊರೆಗಳ ವರಹದಲ್ಲಿ ಎರಡು ವಿಗ್ರಹ, ಈ ದೊರೆಯದರಲ್ಲಿ ಒಂದೇ ಎಂದು ಪೋರ್ಚುಗೀಸ್ ಪ್ರವಾಸಿ ಪಾಯಿಸ್ ಗಮನಿಸಿ ಬರೆದಿಟ್ಟಿದ್ದಾನೆ. ಅಲ್ಲಿನ ದೊರೆ ತನ್ನ ಮುಖ ಒತ್ತಿಸಿದ, ಇಲ್ಲಿನವನು ದೇವರನ್ನು ಮುಂದಿಟ್ಟ. ಎರಡು ಶತಮಾನ ಕಳೆದು ಹೈದರಾಲಿಯೂ ತನ್ನ ವರಹದಲ್ಲಿ ಶಿವ-ಪಾರ್ವತಿಯರನ್ನು ಉಳಿಸಿಕೊಂಡು, ಹಿಂದೆ ತನ್ನ ಹೆಸರಿನ ಮೊದಲಕ್ಷರವನ್ನಷ್ಟೇ ಹಾಕಿಸಿದ. ಸಂತೆಯ ಜನ ನಂಬುವ ಮುಖವನ್ನು ಬದಲಿಸದಿರುವುದೂ ರಾಜನೀತಿಯೇ.

ಟ್ಯೂಡರ್ ಸಾವರಿನ್ ನನ್ನಂಥವರ ಕೈಗೆಟುಕುವುದಲ್ಲ. ನಮ್ಮ ಮನೆಗಳಿಗೆ ಬಂದದ್ದು 1817ರಲ್ಲಿ ಅದೇ ಹೆಸರಿನಿಂದ ಮತ್ತೆ ಹುಟ್ಟಿದ ಚಿಕ್ಕ ನಾಣ್ಯ. ಅದರದ್ದೂ 22 ಕ್ಯಾರೆಟ್ಟೇ. 1918ರಲ್ಲಿ, ಆ ಒಂದೇ ವರ್ಷ, ಅದನ್ನು ಬೊಂಬಾಯಿಯಲ್ಲೂ ಟಂಕಿಸಿದರು. ಗುರುತಿಗೆ ಇಸವಿಯ ಮೇಲೆ ಇಂಡಿಯಾದ 'ಐ' ಅಕ್ಷರವಿರುತ್ತದೆ. ಅಜ್ಜಿಯ ಕಾಸಿನ ದೊರೆ ಐದನೆಯ ಜಾರ್ಜನೇ ಆಗಿದ್ದರೆ ಅದು ಬೊಂಬಾಯಿಯದೂ ಇರಬಹುದಿತ್ತು. ಇನ್ನು ಗೊತ್ತಾಗುವ ದಾರಿಯಿಲ್ಲ.

ಕೊಂಡಿ ಬೆಸೆದ ನಾಣ್ಯಕ್ಕೆ ಸಂಗ್ರಾಹಕರು ಬೆಲೆ ಕಟ್ಟುವುದಿಲ್ಲ, ಕೆಟ್ಟಿತು ಎನ್ನುತ್ತಾರೆ. ನನಗೆ ಆ ಕೊಂಡಿಯೇ ದಾಖಲೆ: ದೊರೆಯ ಡಂಗುರವೊಂದು ಹೆಣ್ಣುಮಗಳೊಬ್ಬಳ ಆಪತ್ಕಾಲದ ಗಂಟಾಯಿತು ಎನ್ನುವುದಕ್ಕೆ. ಹಾಗಾಗಿ ನಾನು ಕೂಡಿಡುವುದು ಚಿನ್ನವನ್ನಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರಿನ ಪರಿಚಿತರ ಮನೆಗಳಲ್ಲಿ ಹಳೆಯ ಕಾಸು ಸಿಕ್ಕರೆ ತೂಗುತ್ತೇನೆ, ಎರಡೂ ಮುಖದ ಫೋಟೋ ತೆಗೆಯುತ್ತೇನೆ, ಯಾರ ಕೊರಳಿನದು ಎಂದು ಬರೆದುಕೊಳ್ಳುತ್ತೇನೆ. ಕರಗಿಸಬೇಡಿ ಎನ್ನಲು ನಾನ್ಯಾರು? ಮದುವೆ, ಆಸ್ಪತ್ರೆ ಯಾರನ್ನೂ ಬಿಟ್ಟಿಲ್ಲ. ಕುಲುಮೆಗೆ ಹಾಕುವ ಮುಂಚೆ ಕುದುರೆಯ ಕಾಲಡಿ ಒಮ್ಮೆ ನೋಡಿ ಎನ್ನುತ್ತೇನೆ, ಅಷ್ಟೇ. ಇಸವಿ ಅಲ್ಲಿರುತ್ತದೆ.