ಗೋಖಲೆ ಮತ್ತು ವೆಡ್ಡರ್‌ಬರ್ನ್: ಪುಣೆ–ಲಂಡನ್ ಪತ್ರವ್ಯವಹಾರ



ಲಂಡನ್ನಿನಲ್ಲಿ ನೆಲಸಿರುವ ನಾವು ವೆಸ್ಟ್‌ಮಿನ್‌ಸ್ಟರ್ ಸೇತುವೆಯನ್ನು ಎಷ್ಟೋ ಬಾರಿ ದಾಟಿದ್ದೇವೆ. ಅದರ ಸಮೀಪದ ಪ್ಯಾಲೆಸ್ ಚೇಂಬರ್ಸ್ ಎಂಬ ಕಟ್ಟಡದಲ್ಲಿ ಒಂದು ಕಾಲಕ್ಕೆ ಭಾರತೀಯ ಕಾಂಗ್ರೆಸ್ಸಿನ ಬ್ರಿಟಿಷ್ ಸಮಿತಿಯ ಕಚೇರಿ ಇದ್ದಿತೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. 1889ರಲ್ಲಿ ಸ್ಥಾಪಿತವಾದ ಈ ಸಮಿತಿಯನ್ನು ಬಹುಕಾಲ ನಡೆಸಿದವರು ಸರ್ ವಿಲಿಯಂ ವೆಡ್ಡರ್‌ಬರ್ನ್. ಮುಂಬಯಿ ಪ್ರಾಂತದಲ್ಲಿ ಐ.ಸಿ.ಎಸ್. ಅಧಿಕಾರಿಯಾಗಿದ್ದ ಅವರು 1887ರಲ್ಲಿ ನಿವೃತ್ತರಾಗಿ, 1893ರಿಂದ 1900ರವರೆಗೆ ಲಿಬರಲ್ ಪಕ್ಷದ ಸಂಸತ್ಸದಸ್ಯರಾಗಿದ್ದರು.

ಪುಣೆಯ ಗೋಪಾಲಕೃಷ್ಣ ಗೋಖಲೆಯವರಿಗೂ ಇವರಿಗೂ ನಡೆದ ಪತ್ರವ್ಯವಹಾರ ದೀರ್ಘವಾದುದು. ಗೋಖಲೆಯವರ ಕಾಗದಪತ್ರಗಳು ಇಂದು ದೆಹಲಿಯ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಸಂಸತ್ತಿನಲ್ಲಿ ಎತ್ತಬೇಕಾದ ಪ್ರಶ್ನೆಗಳು, ಸಮಿತಿಯ ‘ಇಂಡಿಯಾ’ ಪತ್ರಿಕೆಯ ವೆಚ್ಚ, ಭಾರತದಿಂದ ಸಕಾಲಕ್ಕೆ ಬಾರದ ಹಣ — ಇಂಥವೇ ಇವರ ನಿತ್ಯದ ಚಿಂತೆಗಳು. ಹಡಗಿನ ಅಂಚೆ ತಲುಪಲು ಎರಡು ವಾರಗಳಾದರೂ ಬೇಕಾಗಿದ್ದುದರಿಂದ, ಪ್ರಶ್ನೆಗೆ ಉತ್ತರ ದೊರೆಯುವುದರೊಳಗೆ ಒಂದು ತಿಂಗಳು ಕಳೆಯುತ್ತಿತ್ತು.

1906ರ ಜನವರಿಯ ಚುನಾವಣೆಯಲ್ಲಿ ಲಿಬರಲ್ ಪಕ್ಷ ಭಾರಿ ಜಯ ಗಳಿಸಿತು. ಅದಕ್ಕೆ ಮುನ್ನವೇ ಭಾರತ ಸಚಿವರಾಗಿದ್ದ ಜಾನ್ ಮಾರ್ಲೆಯವರಲ್ಲಿ ಗೋಖಲೆಯವರಿಗೆ ಅಪಾರ ಗೌರವವಿತ್ತು. ಆ ವರ್ಷ ಲಂಡನ್ನಿಗೆ ಬಂದು ಅವರನ್ನು ಹಲವು ಬಾರಿ ಕಂಡ ಗೋಖಲೆಯವರು, ಸ್ವದೇಶದ ಮಿತ್ರರಿಗೆ ತಾಳ್ಮೆಯಿಂದಿರುವಂತೆ ಬರೆದರು. ಆದರೆ ಅಧಿಕಾರದ ಮಾತು ಬೇರೊಂದು ಪತ್ರಮಾಲೆಯಲ್ಲಿ ನಡೆಯುತ್ತಿತ್ತು. ಮಾರ್ಲೆ ವೈಸರಾಯ್ ಮಿಂಟೋ ಅವರಿಗೆ ಖಾಸಗಿಯಾಗಿ ಬರೆಯುತ್ತಿದ್ದರು; ಆ ಪತ್ರಗಳು ಗೋಖಲೆಯವರ ಕಣ್ಣಿಗೆ ಬೀಳುವಂತಿರಲಿಲ್ಲ. 1909ರ ಕಾಯಿದೆ ಶಾಸನಸಭೆಗಳನ್ನು ವಿಸ್ತರಿಸಿತು; ಜೊತೆಗೆ ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರಗಳನ್ನೂ ತಂದಿತು.

ಇತ್ತ ತಾಯ್ನಾಡಿನಲ್ಲಿ ತಾಳ್ಮೆ ತೀರಿತ್ತು. ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿಯ ಗಂಗಾಧರರಾವ್ ದೇಶಪಾಂಡೆಯವರಂಥ ತರುಣರು ತಿಲಕರನ್ನು ಹಿಂಬಾಲಿಸಿದರು. 1907ರ ಡಿಸೆಂಬರಿನಲ್ಲಿ ಸೂರತ್ತಿನಲ್ಲಿ ಕಾಂಗ್ರೆಸ್ ಒಡೆಯಿತು. 1908ರಲ್ಲಿ ತಿಲಕರಿಗೆ ಆರು ವರ್ಷಗಳ ಶಿಕ್ಷೆಯಾಗಿ, ಅವರನ್ನು ಮಂಡಾಲೆಗೆ ಕಳುಹಿಸಲಾಯಿತು. ಸಾಗರಗಳಾಚೆಯ ಲಂಡನ್ನನ್ನು ಪತ್ರಗಳು ಹತ್ತಿರ ತಂದವು. ಪುಣೆಯಲ್ಲೇ ಇದ್ದ ಇಬ್ಬರು ನಾಯಕರ ನಡುವಣ ಅಂತರ ಮಾತ್ರ ಹಾಗೆಯೇ ಉಳಿಯಿತು.

ವೆಡ್ಡರ್‌ಬರ್ನ್ ಇದನ್ನು ಅರಿತಿದ್ದರೆಂದು ನಮಗೆ ತೋರುತ್ತದೆ. 1910ರಲ್ಲಿ, ತಮ್ಮ 72ನೆಯ ವಯಸ್ಸಿನಲ್ಲಿ, ಅವರು ಅಲಹಾಬಾದ್ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸಲು ಸ್ವತಃ ಹಡಗನ್ನೇರಿದರು. ಹಿಂದೂ–ಮುಸ್ಲಿಮರನ್ನೂ ಕಾಂಗ್ರೆಸ್ಸಿನ ಎರಡು ಬಣಗಳನ್ನೂ ಒಂದುಗೂಡಿಸುವುದು ಅವರ ಆಶಯವಾಗಿತ್ತು. ಬಣಗಳು ಕೂಡಿದ್ದು 1916ರಲ್ಲಿ, ಲಖನೌದಲ್ಲಿ. ಅದನ್ನು ನೋಡಲು ಗೋಖಲೆಯವರಿರಲಿಲ್ಲ. ಮಧುಮೇಹದಿಂದ ಬಳಲುತ್ತಿದ್ದ ಅವರು 1915ರ ಫೆಬ್ರವರಿ 19ರಂದು, 48ನೆಯ ವಯಸ್ಸಿನಲ್ಲೇ ತೀರಿಕೊಂಡರು. ಇನ್ಸುಲಿನ್ ಮೊದಲ ಬಾರಿಗೆ ರೋಗಿಗೆ ದೊರೆತದ್ದು 1922ರಲ್ಲಿ. ಆ ಏಳು ವರ್ಷಗಳ ಅಂತರ ವೈದ್ಯರಾದ ನಮ್ಮನ್ನು ಇಂದಿಗೂ ಕಾಡುತ್ತದೆ.

ಗೋಖಲೆಯವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದ ಡಿ.ವಿ.ಜಿ.ಯವರು 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರಸಂಸ್ಥೆಯನ್ನು ಸ್ಥಾಪಿಸಿದರು. ಪಕ್ಷಭೇದವಿಲ್ಲದೆ ಕುಳಿತು ವಿಚಾರಮಾಡಲು ಅದೊಂದು ನೆಲೆಯಾಯಿತು. ಸಮಾನಮನಸ್ಕರಿಗೆ ಪತ್ರ ಬರೆಯುವುದು ಸುಲಭ. ಭಿನ್ನಮತದವರಿಗೂ ಅಷ್ಟೇ ಶ್ರದ್ಧೆಯಿಂದ ಬರೆಯುವುದು ಸಾರ್ವಜನಿಕ ಜೀವನದ ಕಠಿಣ ಕರ್ತವ್ಯ. ನಮ್ಮ ಸಂಘಸಂಸ್ಥೆಗಳಿಗೂ ಈ ಮಾತು ಸಲ್ಲುತ್ತದೆ.