ಬೆಲೆಯ ಗಾಜು, ಅಗ್ಗದ ಗಾಜು: ದಂಡು ಪ್ರದೇಶದ ರಾತ್ರಿ ಉತ್ಸವಗಳು ಮತ್ತು ರೇಂಜ್‌ಫೈಂಡರ್ ಕ್ಯಾಮೆರಾದ ಮಸೂರಗಳು

ಜಾನಪದ ಸಂಗ್ರಹಗಳಲ್ಲಿರುವ ಹಳೆಯ ಛಾಯಾಚಿತ್ರಗಳನ್ನು ನಾವು ವಿಷಯ, ಸ್ಥಳ ಮತ್ತು ಕಾಲಗಳ ಆಧಾರದ ಮೇಲೆ ವರ್ಗೀಕರಿಸುತ್ತೇವೆ. ಚಿತ್ರವನ್ನು ಯಾವ ಮಸೂರದಿಂದ ತೆಗೆಯಲಾಯಿತು ಎಂಬ ಪ್ರಶ್ನೆಯನ್ನು ಕೇಳುವುದು ಅಪರೂಪ. ಮುಖ ಮಸುಕಾದ ಚಿತ್ರ ಎದುರಾದಾಗ ‘ಸಾಧಾರಣ ಕ್ಯಾಮೆರಾ, ಅನನುಭವಿ ಛಾಯಾಗ್ರಾಹಕ’ ಎಂದು ಷರಾ ಬರೆದು ಪಕ್ಕಕ್ಕಿಡುವ ರೂಢಿ ನಮ್ಮಲ್ಲಿದೆ. ನಾನೂ ಹಾಗೆ ಬರೆದಿದ್ದೇನೆ. ಬೆಂಗಳೂರಿನ ದಂಡು ಪ್ರದೇಶದ ರಾತ್ರಿ ಉತ್ಸವಗಳನ್ನು ಕುರಿತ ಕ್ಷೇತ್ರಕಾರ್ಯದ ನಡುವೆ ಆ ಷರಾ ಎಷ್ಟು ಅವಸರದ್ದು ಎಂಬುದು ಮನವರಿಕೆಯಾಯಿತು. ಪ್ರಸ್ತುತ ಲೇಖನವು ಆ ಅನುಭವದಿಂದ ಹುಟ್ಟಿದ್ದು.

1809ರಲ್ಲಿ ನೆಲೆಗೊಂಡ ದಂಡು ಪ್ರದೇಶದಲ್ಲಿ ಛಾಯಾಗ್ರಹಣವು ಬಹುಕಾಲ ಸ್ಟುಡಿಯೊ ಕಲೆಯಾಗಿತ್ತು. 1910ರಲ್ಲಿ ಆರಂಭವಾದ ಜಿ. ಕೆ. ವೇಲ್ ಸಂಸ್ಥೆಯ ಹೆಸರು ಇಂದಿಗೂ ಮನೆಮಾತು. ಆದರೆ ಮುಕ್ಕಾಲಿಯ ಮೇಲೆ ನಿಲ್ಲಿಸಬೇಕಾದ ದೊಡ್ಡ ಕ್ಯಾಮೆರಾ ಮೆರವಣಿಗೆಯ ನೂಕುನುಗ್ಗಲಿಗೆ ಹೊಂದುವಂಥದ್ದಲ್ಲ. ಸೌತ್ ಪೆರೇಡ್ ಮಹಾತ್ಮ ಗಾಂಧಿ ರಸ್ತೆಯಾದ 1948ರಲ್ಲೇ ಅಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯೂ ಹೊರಟಿತು. ಅದರ ಆರಂಭದ ದಿನಗಳಲ್ಲಿ ಟಿ. ಎಸ್. ಸತ್ಯನ್ (1923–2009) ಅವರಂಥವರು ದುಡಿದರು. ಬೀದಿಗಿಳಿದು, ನಡೆಯುತ್ತಲೇ ಚಿತ್ರ ತೆಗೆಯುವ ಈ ಹೊಸ ಬಗೆಯ ಕೆಲಸಕ್ಕೆ ಕೈಯಲ್ಲಿ ಹಿಡಿಯುವ ಸಣ್ಣ ಕ್ಯಾಮೆರಾ ಬೇಕಾಯಿತು.

ಅಂಥ ಕ್ಯಾಮೆರಾಗಳಲ್ಲಿ ಒಂದು ವರ್ಗವೇ ರೇಂಜ್‌ಫೈಂಡರ್. ಇದರ ಕಿಂಡಿಯಲ್ಲಿ ಒಂದೇ ವಸ್ತುವಿನ ಎರಡು ಬಿಂಬಗಳು ಕಾಣುತ್ತವೆ. ಮಸೂರದ ಉಂಗುರವನ್ನು ತಿರುಗಿಸಿದಂತೆ ಅವು ಸಮೀಪಿಸಿ ಒಂದಾಗುತ್ತವೆ. ಒಂದಾದಲ್ಲಿಗೆ ದೂರ ಹೊಂದಿಕೊಂಡಿತು ಎಂದರ್ಥ. ಇಲ್ಲಿ ಮುಖ್ಯವಾದ ಸಂಗತಿಯೆಂದರೆ ಛಾಯಾಗ್ರಾಹಕನು ಮಸೂರದ ಮೂಲಕ ನೋಡುವುದೇ ಇಲ್ಲ. ಮಸೂರವು ಯಂತ್ರದ ಮಾತನ್ನು ಕೇಳಿತೋ ಇಲ್ಲವೋ ಎಂಬುದು ಫಿಲ್ಮ್ ತೊಳೆದ ಮೇಲೆಯೇ ತಿಳಿಯುವುದು.

ಜರ್ಮನಿಯ ಲೈಕಾ 1925ರಲ್ಲಿ ಮಾರುಕಟ್ಟೆಗೆ ಬಂದರೂ ಅದಕ್ಕೆ ಮಸೂರದೊಡನೆ ಜೋಡಿಸಿದ ದೂರಮಾಪಕ ಒದಗಿದ್ದು 1932ರಲ್ಲಿ. ಅದೇ ವರ್ಷ ಝೈಸ್ ಬಳಗದ ಕಾಂಟ್ಯಾಕ್ಸ್ ಕೂಡ ಬಂತು. ಅದರ ಹಿರಿಮೆಯೆಲ್ಲ ಲುಡ್ವಿಗ್ ಬರ್ಟೆಲೆ ರೂಪಿಸಿದ ಸೊನ್ನಾರ್ ಮಸೂರದಲ್ಲಿತ್ತು. ಯುದ್ಧಾನಂತರ ಝೈಸ್‌ನ ಯಂತ್ರೋಪಕರಣಗಳು ಪರಿಹಾರದ ರೂಪದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋದವು. ಸೊನ್ನಾರ್‌ನ ರಚನೆಯೇ ಅಲ್ಲಿ ‘ಜ್ಯೂಪಿಟರ್’ ಎಂಬ ಹೆಸರು ಪಡೆಯಿತು. ಲೈಕಾವನ್ನು ಅನುಸರಿಸಿ 1934ರಿಂದ ಫೆಡ್, 1948ರಿಂದ ಝೋರ್ಕಿ ತಯಾರಾದವು. ಒಂದೇ ಕಥೆ ಊರು ಬದಲಾದಂತೆ ಹೆಸರು ಬದಲಿಸಿಕೊಳ್ಳುವುದನ್ನು ಬಲ್ಲ ಜಾನಪದ ವಿದ್ಯಾರ್ಥಿಗೆ ಇದರಲ್ಲಿ ಅಚ್ಚರಿಯೇನಿಲ್ಲ. ಜ್ಯೂಪಿಟರ್ ಎಂಬುದು ಸೊನ್ನಾರ್‌ನ ಒಂದು ಪಾಠಾಂತರ. ಅಗ್ಗದ ಗಾಜನ್ನು ಕುಲವಿಲ್ಲದ್ದೆಂದು ಭಾವಿಸುವುದು ಚಾರಿತ್ರಿಕವಾಗಿ ಸರಿಯಲ್ಲ.

ಈ ಸೋವಿಯತ್ ಕ್ಯಾಮೆರಾಗಳು ಭಾರತಕ್ಕೂ ಬಂದವು. 1953ರ ಭಾರತ–ಸೋವಿಯತ್ ವ್ಯಾಪಾರ ಒಪ್ಪಂದದ ಅನಂತರ ರೂಪಾಯಿಯಲ್ಲೇ ವ್ಯವಹರಿಸುವ ದಾರಿ ತೆರೆದುಕೊಂಡಿತು. ವಿದೇಶಿ ವಿನಿಮಯದ ಕಟ್ಟುಪಾಡುಗಳ ನಡುವೆ ಜರ್ಮನ್ ಮಸೂರ ಹವ್ಯಾಸಿಯ ಕೈಗೆ ಎಟುಕದಂತಿದ್ದ ಕಾಲವದು.

ಹಗಲಿನ ಚಿತ್ರಗಳಲ್ಲಿ ಈ ಎರಡು ಬಗೆಯ ಗಾಜುಗಳ ನಡುವೆ ಹೇಳಿಕೊಳ್ಳುವಂಥ ಅಂತರವಿಲ್ಲ. ಹಲಸೂರಿನ ಸೋಮೇಶ್ವರ ದೇವಾಲಯದ ಹೊರಗೋಡೆಯ ಉಬ್ಬುಶಿಲ್ಪಗಳನ್ನು ಎಫ್ 8ರ ದ್ವಾರದಲ್ಲಿ, ಮೊದಲು ಸ್ನೇಹಿತರೊಬ್ಬರಿಂದ ಎರವಲು ಪಡೆದ ಲೈಕಾದ ಸುಮಿಕ್ರಾನ್‌ನಿಂದ, ಬಳಿಕ ಝೋರ್ಕಿಯ ಜ್ಯೂಪಿಟರ್–8ರಿಂದ ತೆಗೆದೆ. ಮುದ್ರಿಸಿದ ಮೇಲೆ ಯಾವುದು ಯಾವುದೆಂದು ಹಿಂಬದಿಯ ಬರಹವನ್ನು ನೋಡಿಯೇ ಹೇಳಬೇಕಾಯಿತು.

ರಾತ್ರಿಯ ಲೆಕ್ಕ ಬೇರೆ. ಹಲಸೂರಿನ ಹೂವಿನ ಪಲ್ಲಕ್ಕಿಗಳು ಹೊರಡುವುದು ರಾತ್ರಿಯಲ್ಲಿ; ಶಿವಾಜಿನಗರದ ಸಂತ ಮೇರಿಯ ಹಬ್ಬದಲ್ಲಿ ಸೆಪ್ಟೆಂಬರ್ 8ರ ಸಂಜೆ ತೇರು ಬೀದಿಗೆ ಬರುವ ಹೊತ್ತಿಗೆ ಬೆಳಕು ಇಳಿದಿರುತ್ತದೆ. ಪೆಟ್ರೋಮ್ಯಾಕ್ಸ್ ದೀಪವೇ ಆಧಾರವಾಗಿದ್ದ ದಿನಗಳಲ್ಲಿ ಎಫ್ 3.5ರ ಎಲ್ಮಾರ್ ಅಥವಾ ಇಂಡಸ್ಟಾರ್ ಮಸೂರಕ್ಕೆ ಸೆಕೆಂಡಿನ 1/8 ಭಾಗ ಬೇಕಾದರೆ, ಎಫ್ 2ರ ಮಸೂರಕ್ಕೆ 1/25 ಸಾಕು. ಬೆಳಕು ಸುಮಾರು ಮೂರು ಪಟ್ಟು; ಎಫ್ 1.5ಕ್ಕೆ ಐದು ಪಟ್ಟಿಗೂ ಮಿಗಿಲು. 1/8ರಲ್ಲಿ ಪಲ್ಲಕ್ಕಿ ಹೊತ್ತವರ ಕಾಲುಗಳು ಕರಗಿಹೋಗುತ್ತವೆ, 1/25ರಲ್ಲಿ ಅಷ್ಟಿಷ್ಟು ನಿಲ್ಲುತ್ತವೆ. ಫ್ಲ್ಯಾಶ್ ಬಲ್ಬು ಇತ್ತಲ್ಲ ಎನ್ನಬಹುದು. ಒಂದು ಚಿತ್ರಕ್ಕೆ ಒಂದು ಬಲ್ಬು ಸುಟ್ಟುಹೋಗುತ್ತಿತ್ತು ಎಂಬುದು ಹಾಗಿರಲಿ, ಉತ್ಸವದ ಬೆಳಕನ್ನೇ ಅದು ಅಳಿಸಿಹಾಕುತ್ತದೆ. ಆ ಬೆಳಕೂ ಆಚರಣೆಯ ಒಂದು ಅಂಗವೆಂದು ನನ್ನ ನಂಬಿಕೆ.

ಅಂದರೆ ರಾತ್ರಿಯ ಆಚರಣೆಯನ್ನು ಸಾಮಾನ್ಯನ ದಾಖಲೆಗೆ ತಂದದ್ದು ಅಗ್ಗದ ಎಫ್ 2ರ ಗಾಜು. ಕುಂದೂ ಅಲ್ಲಿಯೇ ಅಡಗಿತ್ತು. ಲೈಕಾ ಮತ್ತು ಝೋರ್ಕಿ ಎರಡರ ಮಸೂರಗಳೂ 39 ಮಿ.ಮೀ. ತಿರುಪಿನವು, ಒಂದರದು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತದೆ. ಆದರೆ ಲೈಕಾದ ದೂರಮಾಪಕವು 51.6 ಮಿ.ಮೀ. ಸಂಗಮದೂರವನ್ನು ಆಧರಿಸಿದ್ದು, ಜ್ಯೂಪಿಟರ್ ಅನುಸರಿಸುವುದು ಕಾಂಟ್ಯಾಕ್ಸ್ ಪರಂಪರೆಯ ಸುಮಾರು 52.4ರ ಅಳತೆಯನ್ನು. ದೂರದ ಗೋಪುರಕ್ಕೆ ಈ ವ್ಯತ್ಯಾಸ ತಟ್ಟುವುದಿಲ್ಲ. ಒಂದು ಮೀಟರ್ ಅಂತರದ ಮುಖಕ್ಕೆ ತಟ್ಟುತ್ತದೆ: ಎಫ್ 2ರಲ್ಲಿ ಸ್ಪಷ್ಟವಾಗಿ ಮೂಡುವ ಆಳ ಒಟ್ಟು ಮೂರು ಬೆರಳಿನಷ್ಟಾದರೆ, ಗುರಿ ತಪ್ಪುವುದು ಎರಡು ಬೆರಳಿನಷ್ಟು. ಕಣ್ಣಿಗೆ ಹೊಂದಿಸಿದ್ದು ಕಣ್ಣಿನ ಮುಂದೆಯೋ ಹಿಂದೆಯೋ ಬೀಳುತ್ತದೆ. ಅದೇ ಮಸೂರವನ್ನು ಅದರದೇ ಝೋರ್ಕಿಗೆ ಹಾಕಿದಾಗ ನನಗೆ ಮುಖ ಸ್ಪಷ್ಟವಾಗಿಯೇ ದೊರೆಯಿತು. ಇದನ್ನು ಗಾಜಿನ ದೋಷವೆನ್ನುವುದು ಹೇಗೆ? ಛಾಯಾಗ್ರಾಹಕನ ದೋಷವೂ ಅಲ್ಲ.

ಹಾಗೆಂದು ದುಬಾರಿ ಮಸೂರದ ಹೆಚ್ಚುಗಾರಿಕೆ ಬರಿಯ ಹೆಸರಿನದಲ್ಲ. 1953ರ ಸುಮಿಕ್ರಾನ್ ಪೂರ್ತಿ ತೆರೆದ ದ್ವಾರದಲ್ಲೂ ಚಿತ್ರದ ಅಂಚುಗಳನ್ನು ಕಾಯ್ದುಕೊಳ್ಳುತ್ತದೆ. ಜ್ಯೂಪಿಟರ್ ನಡುವೆ ಸ್ಪಷ್ಟವಾಗಿದ್ದು ಮೂಲೆಗಳಲ್ಲಿ ಸಡಿಲಗೊಳ್ಳುತ್ತದೆ. ಸೋವಿಯತ್ ಮಸೂರಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಲೈಕಾದ ಬೆಲೆಯ ದೊಡ್ಡ ಪಾಲು ಸಲ್ಲುವುದು ಈ ಸಮಾನತೆಗೆ. ಆದರೆ ಯುದ್ಧಪೂರ್ವದ ಸುಮಾರ್‌ನ ಮುಂಗಾಜು ಎಷ್ಟು ಮೃದುವೆಂದರೆ, ವರ್ಷಗಟ್ಟಲೆ ಬಟ್ಟೆಯಿಂದ ಒರೆಸಿಸಿಕೊಂಡದ್ದು ದೀಪದ ಸುತ್ತ ಮಂಜನ್ನೇ ಹರಡುತ್ತದೆ. ಅಂಥದ್ದಕ್ಕಿಂತ ಗೀರಿಲ್ಲದ ಜ್ಯೂಪಿಟರ್ ಮೇಲು.

ಕ್ಯಾಮೆರಾದ ಮೇಲಿನ ಹೆಸರನ್ನು ನಂಬುವುದೂ ಅಪಾಯ. ಶಿವಾಜಿನಗರದ ಗುಜರಿಯಲ್ಲಿ, ಬಿಚ್ಚಿಟ್ಟ ಮೋಟಾರು ಭಾಗಗಳ ನಡುವೆ ಲೈಕಾ ಎಂದು ಕೆತ್ತಿದ್ದ ಕ್ಯಾಮೆರಾವೊಂದನ್ನು ನಾನು ಹಿಗ್ಗಿನಿಂದ ಕೊಂಡುತಂದೆ. ರಿಪೇರಿಯ ಹಿರಿಯರೊಬ್ಬರು ಮಸೂರವನ್ನು ತಿರುಪಿ ತೆಗೆದು ಒಳಗೆ ಇಣುಕಿ ನಕ್ಕರು. ಮಸೂರವನ್ನು ಮುಟ್ಟುವ ದೂರಮಾಪಕದ ಕೊಂಡಿಯ ತುದಿಯಲ್ಲಿ ಲೈಕಾದಲ್ಲಿ ಉರುಳುವ ಪುಟ್ಟ ಚಕ್ರವಿರುತ್ತದೆ. ಫೆಡ್, ಝೋರ್ಕಿಗಳಲ್ಲಿ ನಾಲಗೆಯಂಥ ಬೆಣೆ. ನನ್ನದರಲ್ಲಿದ್ದುದು ಬೆಣೆ. ಅದು ಹೆಸರು ಬದಲಿಸಿಕೊಂಡ ಝೋರ್ಕಿಯಾಗಿತ್ತು.

ಅಂದಿನಿಂದ ಚಿತ್ರಸೂಚಿಯ ಚೀಟಿಯಲ್ಲಿ ಎರಡು ಕಲಮುಗಳನ್ನು ಸೇರಿಸಿದ್ದೇನೆ: ಕ್ಯಾಮೆರಾ ಯಾವುದು, ಅದರ ಮೇಲಿದ್ದ ಮಸೂರ ಯಾವುದು. ದಾನಿಗಳ ಮನೆಯಲ್ಲಿ ನೆಗೆಟಿವ್‌ಗಳ ಡಬ್ಬಿಯನ್ನು ಪಡೆಯುವಾಗಲೇ ಹಳೆಯ ಕ್ಯಾಮೆರಾ ಉಳಿದಿದೆಯೇ ಎಂದು ಕೇಳಿ, ಇದ್ದರೆ ಮಸೂರವನ್ನು ಕಳಚಿ ಒಳಗೆ ನೋಡುತ್ತೇನೆ. ಮುಖ ಮಸುಕಾದ ನೆಗೆಟಿವ್‌ನಲ್ಲಿ ಮುಖದ ಹಿಂದೆ ಮುಂದೆ ಎರಡು ಬೆರಳಿನ ಅಂತರದಲ್ಲಿರುವುದನ್ನು ಭೂತಗನ್ನಡಿಯಿಂದ ಹುಡುಕುತ್ತೇನೆ. ಕಿವಿಯ ಓಲೆ, ಪಲ್ಲಕ್ಕಿಯ ಬೊಂಬಿಗೆ ಸುತ್ತಿದ ಹೂವಿನ ಕಟ್ಟು, ಹೆಗಲ ಮೇಲಿನ ವಸ್ತ್ರದ ಅಂಚು: ಇವು ಅಲ್ಲಿ ಎಳೆ ಎಳೆಯಾಗಿ ಸಿಗುತ್ತವೆ.