ಕಂಪ್ಯೂಟರ್ ಗೇಮ್ ಮೊಬೈಲಿಗೆ ಬರುವುದು ಹೇಗೆ?

'ಕಂಪ್ಯೂಟರಿನಲ್ಲಿ ಆಡುವ ಗೇಮ್ ಈಗ ಮೊಬೈಲಿನಲ್ಲೂ ಆಡಬಹುದು, ಈ ಲಿಂಕ್ ಒತ್ತಿ' ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಯಾರೋ ಜಾಣರು ಫೈಲನ್ನು ಚೂರು ಬದಲಿಸಿ ಫೋನಿಗೆ ಹೊಂದಿಸಿದ್ದಾರೆ ಎಂದು ನಂಬಿಬಿಡುವುದು ಸುಲಭ. ಆದರೆ ಕೆಲಸ ಅಷ್ಟು ಸಲೀಸಲ್ಲ.

ಪರದೆಯ ಮೇಲೆ ಚಿತ್ರ ಮೂಡಿಸಲು ಒಂದೊಂದು ಆಪರೇಟಿಂಗ್ ಸಿಸ್ಟಂಗೂ ಒಂದೊಂದು ದಾರಿ. ವಿಂಡೋಸ್‌ನಲ್ಲಿ ಡೈರೆಕ್ಟ್ ತ್ರೀಡಿ, ಐಫೋನ್ ಮತ್ತು ಮ್ಯಾಕ್‌ಗಳಲ್ಲಿ ಮೆಟಲ್, ಆಂಡ್ರಾಯ್ಡ್‌ನಲ್ಲಿ ಓಪನ್‌ಜಿಎಲ್ ಇಎಸ್ ಅಥವಾ ವಲ್ಕನ್. ಇಷ್ಟನ್ನೂ ಪ್ರತಿ ಗೇಮ್‌ನವರು ಕಲಿಯುತ್ತಾ ಕೂರಬಾರದೆಂದೇ ಗ್ರಾಫಿಕ್ಸ್ ಲೈಬ್ರರಿಗಳಿವೆ. ಲೈಬ್ರರಿ ಎಂದರೆ ಇಲ್ಲಿ ಪುಸ್ತಕಾಲಯವಲ್ಲ, ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳಲೆಂದು ಬರೆದಿಟ್ಟ ಕೋಡ್. 1998ರಲ್ಲಿ ಸ್ಯಾಮ್ ಲ್ಯಾಂಟಿಂಗಾ ಹೊರತಂದ ಎಸ್‌ಡಿಎಲ್ ಇದಕ್ಕೆ ಒಳ್ಳೆಯ ಉದಾಹರಣೆ. 'ಈ ಚಿತ್ರವನ್ನು ಇಲ್ಲಿ ತೋರಿಸು' ಎಂದು ಗೇಮ್ ಕೇಳಿದರೆ, ಆಯಾ ಸಿಸ್ಟಂಗೆ ಅರ್ಥವಾಗುವಂತೆ ಅದನ್ನು ದಾಟಿಸುವುದು ಎಸ್‌ಡಿಎಲ್ ಕೆಲಸ. ಇದು ಉಚಿತ, ಕೋಡ್ ಕೂಡ ಮುಕ್ತ.

ಹಾಗಾದರೆ ಆ ಲೈಬ್ರರಿಯನ್ನು ಎಲ್ಲ ಸಿಸ್ಟಂಗಳಿಗೂ ಹೊಂದಿಸುವವರು ಯಾರು? ಅದನ್ನೂ ಯಾರಾದರೂ ಕೂತು ಮಾಡಲೇಬೇಕು. ಇದಕ್ಕೆ ಪೋರ್ಟ್ ಮಾಡುವುದು ಎನ್ನುತ್ತಾರೆ. ಇಲ್ಲಿ ಎಡವುವ ಜಾಗಗಳು ಒಂದೆರಡಲ್ಲ. ಓಪನ್‌ಜಿಎಲ್ ಚಿತ್ರವನ್ನು ಕೆಳಗಿನ ಎಡಮೂಲೆಯಿಂದ ಲೆಕ್ಕ ಹಾಕಿದರೆ ಡೈರೆಕ್ಟ್ ತ್ರೀಡಿ ಮೇಲಿನ ಎಡಮೂಲೆಯಿಂದ ಲೆಕ್ಕ ಹಾಕುತ್ತದೆ. ಇದನ್ನು ಸರಿಪಡಿಸದಿದ್ದರೆ ಚಿತ್ರ ತಲೆಕೆಳಗು! ಬಣ್ಣದ ಅಂಕಿಗಳನ್ನು ಒಂದು ಕಡೆ ಕೆಂಪು, ಹಸಿರು, ನೀಲಿ ಎಂದು ಜೋಡಿಸಿದ್ದರೆ ಇನ್ನೊಂದು ಕಡೆ ನೀಲಿಯೇ ಮೊದಲು; ಅದಲುಬದಲಾದರೆ ಮನುಷ್ಯರ ಮುಖ ನೀಲಿಗಟ್ಟುತ್ತದೆ. ಫೋನಿನದಂತೂ ಬೇರೆಯೇ ಕಥೆ. ಆಡುತ್ತಿರುವಾಗ ಕರೆ ಬಂದು ಗೇಮ್ ಹಿಂದಕ್ಕೆ ಸರಿದರೆ, ಗ್ರಾಫಿಕ್ಸ್ ಚಿಪ್‌ಗೆ ಕಳಿಸಿದ್ದ ಚಿತ್ರಗಳನ್ನು ಆಂಡ್ರಾಯ್ಡ್ ಅಳಿಸಿಬಿಡಬಹುದು. ಮರಳಿದಾಗ ಎಲ್ಲವನ್ನೂ ಮತ್ತೆ ತುಂಬಬೇಕು. ಮೌಸ್ ಇರುವುದಿಲ್ಲ, ಬೆರಳಿರುತ್ತದೆ, ಪರದೆ ಅಡ್ಡವೂ ತಿರುಗುತ್ತದೆ.

ಒಮ್ಮೆ ಮಾಡಿದರೆ ಮುಗಿಯಿತು ಎಂದೂ ಇಲ್ಲ. ಓಪನ್‌ಜಿಎಲ್ ಬಿಟ್ಟು ಮೆಟಲ್‌ಗೆ ಬನ್ನಿ ಎಂದು 2018ರಲ್ಲಿ ಆಪಲ್ ಹೇಳಿತು. ಹೀಗಾದಾಗಲೆಲ್ಲ ಲೈಬ್ರರಿ ನೋಡಿಕೊಳ್ಳುವವರಿಗೆ ಮತ್ತೆ ಕೆಲಸ.

ಅದೇ ವರ್ಷದ ಇನ್ನೊಂದು ಸಂಗತಿ ನೋಡಿ. ಫೋರ್ಟ್‌ನೈಟ್ ಗೇಮ್ ಮಾರ್ಚ್‌ನಲ್ಲಿ ಐಫೋನಿಗೆ ಬಂತು, ಆಂಡ್ರಾಯ್ಡ್‌ಗೆ ಬಂದದ್ದು ಆಗಸ್ಟ್‌ನಲ್ಲಿ. ಅನ್ರಿಯಲ್ ಎಂಬ ಸ್ವಂತ ಗೇಮ್ ಎಂಜಿನ್ ಇದ್ದ ದೊಡ್ಡ ಕಂಪನಿಯಾದ ಎಪಿಕ್ ಗೇಮ್ಸ್‌ಗೇ ನಡುವೆ ಇಷ್ಟು ತಿಂಗಳು ಬೇಕಾಯಿತು. ಈ ಸಂದಿನಲ್ಲೇ ನಕಲಿ ಎಪಿಕೆ ಫೈಲ್‌ಗಳು ಹರಿದಾಡಿದವು. ತೆರೆದರೆ ಅಸಲಿಯಂತೆಯೇ ಚಿತ್ರ. ಮುಂದೆ 'ನೀವು ಮನುಷ್ಯರೇ ಎಂದು ಖಚಿತಪಡಿಸಿ' ಎನ್ನುತ್ತಾ ಬೇರೆ ಆಪ್‌ಗಳನ್ನು ಹಾಕಿಸುತ್ತಿದ್ದವು. ಗೇಮ್ ಮಾತ್ರ ಶುರುವಾಗುತ್ತಲೇ ಇರಲಿಲ್ಲ.

ಅಂಥ ಲಿಂಕ್ ಬಂದರೆ ಗೇಮ್ ತಯಾರಕರ ಸ್ವಂತ ಜಾಲತಾಣ ತೆರೆದು, ಅಲ್ಲಿ ಆಂಡ್ರಾಯ್ಡ್ ಹೆಸರಿದೆಯೇ ಎಂದು ನೋಡಿ. ಪ್ಲೇ ಸ್ಟೋರ್ ಒಂದನ್ನೇ ನೋಡಿದರೆ ಕೆಲವೊಮ್ಮೆ ಸಾಲದು: 2018ರಲ್ಲಿ ಅಸಲಿ ಫೋರ್ಟ್‌ನೈಟ್ ಕೂಡ ಅಲ್ಲಿರಲಿಲ್ಲ, ತಯಾರಕರಿಂದಲೇ ನೇರವಾಗಿ ಇಳಿಸಿಕೊಳ್ಳಬೇಕಿತ್ತು.